ಮಹಾಬೀಗ ತೆಗೆದ ಕಥೆ

ಹಳೆಯ ತಾಲ್ಲೂಕು ಕಚೇರಿಯೊಂದರ ದಾಖಲೆ ಕೊಠಡಿಯನ್ನು ಊಹಿಸಿಕೊಳ್ಳಿ. ಕೊಠಡಿಗೆ ಒಂದೇ ಬೀಗ, ಒಂದೇ ಬೀಗದಕೈ. ಗುಮಾಸ್ತ ಒಬ್ಬನೇ ಇದ್ದಷ್ಟು ದಿನ ಯಾರಿಗೂ ತೊಂದರೆಯಿಲ್ಲ. ಕೆಲಸ ಹೆಚ್ಚಾಯಿತೆಂದು ಸರ್ಕಾರ ಎಂಟು ಗುಮಾಸ್ತರನ್ನು ನೇಮಿಸಿತೆನ್ನಿ. ಒಬ್ಬ ಒಳಗೆ ಕಡತ ಹುಡುಕುತ್ತಿದ್ದರೆ ಉಳಿದ ಏಳು ಮಂದಿ ಬಾಗಿಲಲ್ಲಿ ಕಾಯಬೇಕು. ಸಂಬಳ ಎಂಟು ಜನಕ್ಕೆ, ಕೆಲಸ ಮಾತ್ರ ಒಬ್ಬನದು.

ಲಿನಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣ ವ್ಯವಸ್ಥೆ ಇಂಥದೇ ಒಂದು ಬೀಗದೊಡನೆ 1996ರಿಂದ 2011ರವರೆಗೆ, ಹದಿನೈದು ವರ್ಷ ಸೆಣಸಿತು. ಆ ಸೆಣಸಾಟದ ಒಂದು ಮುಖ್ಯ ಘಟ್ಟದಲ್ಲಿ ಬೆಂಗಳೂರಿನ ಪಾಲೂ ಇದೆ.

ಬೀಗವೇ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಇಬ್ಬರು ಒಂದೇ ಲೆಕ್ಕದ ಪುಸ್ತಕವನ್ನು ಒಂದೇ ಗಳಿಗೆಯಲ್ಲಿ ತಿದ್ದಿದರೆ ಒಬ್ಬನ ಬರಹವನ್ನು ಇನ್ನೊಬ್ಬನದು ಅಳಿಸಿಹಾಕುತ್ತದೆ. ಈ ಸಮಸ್ಯೆಯನ್ನು ಖಚಿತವಾದ ಮಾತುಗಳಲ್ಲಿ ಮುಂದಿಟ್ಟು, 1965ರಲ್ಲಿ ಪರಿಹಾರ ಪ್ರಕಟಿಸಿದವರು ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ. ಅವರು ರೂಪಿಸಿದ ಸಾಧನದ ಹೆಸರು ‘ಸೆಮಾಫೋರ್’. ರೈಲ್ವೆ ಕೈಕಂಬದ ಹೆಸರೇ ಅದು. ಒಂಟಿ ಹಳಿಯ ಮಾರ್ಗದಲ್ಲಿ ಸ್ಟೇಷನ್ ಮಾಸ್ತರರು ಚಾಲಕನ ಕೈಗೆ ಟೋಕನ್ ಕೊಡುತ್ತಿದ್ದುದನ್ನು ಕಂಡವರಿಗೆ ಈ ತತ್ವ ಹೊಸದಲ್ಲ. ಟೋಕನ್ ಇದ್ದ ಗಾಡಿ ಮಾತ್ರ ಮುಂದೆ ಹೋಗಬಹುದು, ಉಳಿದವು ನಿಲ್ಲಬೇಕು. ಅಪಘಾತ ತಪ್ಪುತ್ತದೆ, ವಿಳಂಬ ತಪ್ಪುವುದಿಲ್ಲ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು, ಅಂದರೆ ಕರ್ನಲ್ ಅನ್ನು ಬರೆದಾಗ ಅದು ಒಂದೇ ಪ್ರೊಸೆಸರ್ ಇರುವ ಯಂತ್ರಕ್ಕಾಗಿ ಬರೆದದ್ದು. ಹಲವು ಪ್ರೊಸೆಸರ್‌ಗಳ ಯಂತ್ರಗಳಿಗೆ ಬೆಂಬಲ ಬಂದದ್ದು 1996ರ ಜೂನ್‌ನಲ್ಲಿ ಹೊರಬಂದ 2.0 ಆವೃತ್ತಿಯಲ್ಲಿ. ಬ್ರಿಟನ್ನಿನ ಅಲನ್ ಕಾಕ್ಸ್ ಇದಕ್ಕಾಗಿ ಬಹಳ ದುಡಿದರು. ಆಗ ಹಿಡಿದ ದಾರಿ ಅತ್ಯಂತ ಸರಳವಾದದ್ದು: ಇಡೀ ಕರ್ನಲ್‌ಗೆ ಒಂದೇ ಬೀಗ. ಅದಕ್ಕೆ ‘ಬಿಗ್ ಕರ್ನಲ್ ಲಾಕ್’ ಎಂದೇ ಹೆಸರಾಯಿತು. ಇದನ್ನು ದಡ್ಡತನವೆನ್ನುವಂತಿಲ್ಲ. ಒಂದೇ ಪ್ರೊಸೆಸರ್‌ಗೆಂದು ಬರೆದ ಸಾವಿರಾರು ಸಾಲುಗಳು ಒಂದು ಬದಲಾವಣೆಯೂ ಇಲ್ಲದೆ ಸುರಕ್ಷಿತವಾಗಿ ನಡೆದವು. ಎರಡು ಪ್ರೊಸೆಸರ್ ಇದ್ದಾಗ ನಷ್ಟವೂ ಹೆಚ್ಚಿರಲಿಲ್ಲ.

ನಷ್ಟ ಎಷ್ಟರವರೆಗೆ ಬೆಳೆಯಬಹುದೆಂಬುದನ್ನು ಜೀನ್ ಅಮ್‌ಡಾಲ್ 1967ರಲ್ಲೇ ತೋರಿಸಿದ್ದರು. ಕೆಲಸದ ಹತ್ತನೆಯ ಒಂದು ಭಾಗ ಸರದಿಯಲ್ಲೇ ನಡೆಯಬೇಕೆಂದಾದರೆ, ನೂರಲ್ಲ ಸಾವಿರ ಪ್ರೊಸೆಸರ್ ಜೋಡಿಸಿದರೂ ವೇಗ ಹತ್ತು ಪಟ್ಟನ್ನು ಮೀರದು. 2001ರಲ್ಲಿ ಐಬಿಎಂ ಕಂಪೆನಿಯ ಪವರ್4 ಚಿಪ್ ಒಂದೇ ತುಂಡಿನಲ್ಲಿ ಎರಡು ಸಂಸ್ಕರಣಾ ಘಟಕಗಳನ್ನು ಹೊತ್ತು ಬಂತು. ಶಾಖದ ಕಾಟದಿಂದ ಚಿಪ್ಪುಗಳ ವೇಗ ಏರಿಸುವುದು ಕಷ್ಟವಾದಂತೆ, 2005ರ ಹೊತ್ತಿಗೆ ಸಾಮಾನ್ಯರ ಮೇಜಿನ ಕಂಪ್ಯೂಟರಿಗೂ ಜೋಡಿ ಘಟಕಗಳು ಬಂದವು. ದೊಡ್ಡ ಯಂತ್ರಗಳ ಸಮಸ್ಯೆ ಮನೆಮನೆಯ ಸಮಸ್ಯೆಯಾಗುವ ಕಾಲ ಸಮೀಪಿಸಿತ್ತು.

ಮಹಾಬೀಗವನ್ನು ಒಡೆದು ಭಾಗಭಾಗಕ್ಕೂ ಬೇರೆ ಬೇರೆ ಬೀಗ ಹಾಕುತ್ತ ಹೋದರೂ ಬಿಕ್ಕಟ್ಟು ಬಿಡದ ಜಾಗ ಕಡತ ವ್ಯವಸ್ಥೆ. ಕಡತವೊಂದನ್ನು ತೆರೆಯಿರಿ ಎಂದರೆ ಕರ್ನಲ್ ಅದರ ವಿಳಾಸವನ್ನು ಮೆಟ್ಟಿಲು ಮೆಟ್ಟಿಲಾಗಿ ಹುಡುಕುತ್ತದೆ. ಮೊದಲು ಬುಡದ ಕೋಶ, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಪ್ರತಿ ಸಲವೂ ಡಿಸ್ಕ್‌ಗೆ ಹೋದರೆ ತಡವಾಗುವುದರಿಂದ, ಕಂಡ ಹೆಸರುಗಳನ್ನು ಸ್ಮೃತಿಯಲ್ಲಿ ಒಂದು ಪಟ್ಟಿಯಾಗಿ ಇಟ್ಟುಕೊಳ್ಳುತ್ತದೆ. ಇದಕ್ಕೆ ‘ಡಿಕ್ಯಾಶ್’ ಎಂದು ಹೆಸರು. ಆ ಇಡೀ ಪಟ್ಟಿಗೆ ಒಂದೇ ಬೀಗವಿತ್ತು, ಒಂದೊಂದು ಮೆಟ್ಟಿಲಿಗೂ ಅದನ್ನು ತೆಗೆದು ಹಾಕಬೇಕಿತ್ತು. 2002ರಲ್ಲಿ 2.5.10 ಆವೃತ್ತಿಯಲ್ಲಿ ಒಂದು ಉಪಾಯ ಮಾಡಿದರು. ಒಮ್ಮೆ ಬೀಗ ಹಿಡಿದವನು ಸಾಧ್ಯವಾದಷ್ಟು ಮೆಟ್ಟಿಲುಗಳನ್ನು ದಾಟಿಯೇ ಬಿಡಲಿ ಎಂದರು. ಬೀಗ ಹಿಡಿಯುವ ಸಂಖ್ಯೆ ಇಳಿಯಿತು. ಆದರೆ ಹಿಡಿದುಕೊಂಡಿರುವ ಅವಧಿ ಬೆಳೆಯಿತು. ದೊಡ್ಡ ಯಂತ್ರಗಳಲ್ಲಿ ಇದರಿಂದ ತೊಂದರೆಯೇ ಹೆಚ್ಚಾಯಿತು.

ನಿಜವಾದ ದಾರಿ ತೋರಿದ್ದು ‘ಆರ್‌ಸಿಯು’ ಎಂಬ ತಂತ್ರ. ಓದು, ನಕಲು ಮಾಡು, ಬದಲಿಸು ಎಂಬುದು ಅದರ ಅರ್ಥ. ಇದನ್ನು 1990ರ ದಶಕದ ಆರಂಭದಲ್ಲಿ ಅಮೆರಿಕದ ಸೀಕ್ವೆಂಟ್ ಕಂಪೆನಿಯಲ್ಲಿದ್ದ ಪಾಲ್ ಮೆಕೆನ್ನಿ ಮತ್ತು ಜ್ಯಾಕ್ ಸ್ಲಿಂಗ್‌ವೈನ್ ರೂಪಿಸಿದರು. ದಾಖಲೆ ಕೊಠಡಿಯ ಲೆಕ್ಕದಲ್ಲೇ ಹೇಳುವುದಾದರೆ, ತಿದ್ದಬೇಕಾದವನು ಮೂಲ ಹಾಳೆಯನ್ನು ಮುಟ್ಟುವುದಿಲ್ಲ. ಅದರ ನಕಲು ತೆಗೆದು, ನಕಲನ್ನು ತಿದ್ದಿ, ಮೂಲದ ಜಾಗದಲ್ಲಿ ಇಡುತ್ತಾನೆ. ಹೊಸದಾಗಿ ಬಂದವರು ಹೊಸ ಹಾಳೆ ಓದುತ್ತಾರೆ. ಹಳೆಯದನ್ನು ಹಿಡಿದು ಕುಳಿತವರು ಅದನ್ನೇ ಓದಿ ಮುಗಿಸುತ್ತಾರೆ. ಓದುವ ಯಾರಿಗೂ ಬೀಗ ಬೇಕಿಲ್ಲ.

ಹಳೆಯ ಹಾಳೆಯನ್ನು ಹರಿದು ಎಸೆಯುವುದು ಯಾವಾಗ? ಜಾಣತನ ಇರುವುದೇ ಇಲ್ಲಿ. ಹಾಳೆ ಓದುತ್ತಿರುವಾಗ ಯಾರೂ ಕುರ್ಚಿ ಬಿಟ್ಟು ಏಳಕೂಡದು ಎಂಬುದು ನಿಯಮ. ಕುರ್ಚಿ ಎಂದರೆ ಇಲ್ಲಿ ಪ್ರೊಸೆಸರ್. ಹಾಳೆ ಬದಲಿಸಿದ ಮೇಲೆ ಪ್ರತಿಯೊಂದು ಕುರ್ಚಿಯೂ ಒಮ್ಮೆಯಾದರೂ ಖಾಲಿಯಾದದ್ದನ್ನು ಕಂಡರೆ, ಹಳೆಯ ಹಾಳೆ ಈಗ ಯಾರ ಕೈಯಲ್ಲೂ ಇಲ್ಲವೆಂದು ಖಚಿತ. ಯಾರು ಏನು ಓದುತ್ತಿದ್ದಾರೆಂದು ಲೆಕ್ಕವಿಡುವ ಶ್ರಮವೇ ಇಲ್ಲ.

1999ರಲ್ಲಿ ಐಬಿಎಂ ಸೀಕ್ವೆಂಟನ್ನು ಕೊಂಡಿತು. 2002ರ ಅಕ್ಟೋಬರ್‌ನಲ್ಲಿ ಈ ತಂತ್ರ ಲಿನಕ್ಸ್ ಸೇರಿತು. ಅದನ್ನು ಕಡತದ ಹುಡುಕಾಟಕ್ಕೆ ಹೊಂದಿಸುವ ಕೆಲಸದಲ್ಲಿ ಮುಂದಿದ್ದವರು ಬೆಂಗಳೂರಿನ ಐಬಿಎಂ ಪ್ರಯೋಗಾಲಯದ ದೀಪಂಕರ್ ಶರ್ಮಾ ಮತ್ತು ಮನೀಶ್ ಸೋನಿ. 2003ರಲ್ಲಿ 2.5.62 ಆವೃತ್ತಿಯಿಂದ ಡಿಕ್ಯಾಶ್‌ನಲ್ಲಿ ಹೆಸರು ಹುಡುಕಲು ಆ ದೊಡ್ಡ ಬೀಗ ಬೇಕಾಗಲಿಲ್ಲ. ಬೆಂಗಳೂರೆಂದರೆ ಹೊರಗಿನವರು ಹೇಳಿದ್ದನ್ನು ಮಾಡಿಕೊಡುವ ಊರು ಎಂಬ ಮಾತು ಚಾಲ್ತಿಯಲ್ಲಿದ್ದ ಕಾಲವದು. ಆಗಲೇ ಜಗತ್ತಿನ ಸರ್ವರ್‌ಗಳ ಒಡಲಿಗೆ ಈ ಊರಿನ ಕೆಲಸ ಸೇರಿತ್ತೆಂಬುದನ್ನು ನೆನಪಿಡಬೇಕು.

ಆದರೂ ಕೆಲಸ ಮುಗಿಯಲಿಲ್ಲ. ಪ್ರತಿ ಹೆಸರಿಗೂ ಒಂದು ಪುಟ್ಟ ಬೀಗ, ಎಷ್ಟು ಮಂದಿ ಬಳಸುತ್ತಿದ್ದಾರೆಂಬ ಒಂದು ಎಣಿಕೆ ಉಳಿದಿದ್ದವು. ಎಲ್ಲರೂ ಹಾದುಹೋಗುವ ಕೋಶಗಳ ಎಣಿಕೆಯನ್ನು ಎಲ್ಲ ಪ್ರೊಸೆಸರ್‌ಗಳೂ ತಿದ್ದಬೇಕಾಗಿ, ಆ ಒಂದು ಸಂಖ್ಯೆ ಚಿಪ್ಪಿನಿಂದ ಚಿಪ್ಪಿಗೆ ಚೆಂಡಿನಂತೆ ಪುಟಿಯುತ್ತಿತ್ತು. 2010ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು 48 ಘಟಕಗಳ ಯಂತ್ರದಲ್ಲಿ ಏಳು ತಂತ್ರಾಂಶಗಳನ್ನು ಓಡಿಸಿ ನೋಡಿದರು. ಒಂದನ್ನು ಬಿಟ್ಟು ಉಳಿದ ಆರಕ್ಕೂ ಕರ್ನಲ್‌ನಲ್ಲೇ ಅಡ್ಡಿಯಿತ್ತು. ಅಡ್ಡಿಗಳ ಬಹುಭಾಗವನ್ನು ಸುಮಾರು ಮೂರು ಸಾವಿರ ಸಾಲುಗಳ ತಿದ್ದುಪಡಿಯಿಂದ ಅವರು ನಿವಾರಿಸಿದರು.

ಮರುವರ್ಷ, 2011ರ ಮಾರ್ಚ್‌ನ 2.6.38 ಆವೃತ್ತಿಯಲ್ಲಿ ನಿಕ್ ಪಿಗಿನ್ ಅವರ ಬದಲಾವಣೆ ಬಂತು. ಪ್ರತಿ ಹೆಸರಿಗೂ ಒಂದು ಕ್ರಮಸಂಖ್ಯೆ. ಓದುಗ ಮೊದಲು ಅದನ್ನು ನೋಡಿಕೊಂಡು, ಓದಿ, ಮತ್ತೊಮ್ಮೆ ನೋಡುತ್ತಾನೆ. ಸಂಖ್ಯೆ ಬದಲಾಗದಿದ್ದರೆ ಓದಿದ್ದು ಸರಿ. ಬದಲಾಗಿದ್ದರೆ ಎಣಿಕೆ ಹಿಡಿದು ನಡೆಯುವ ಹಳೆಯ ದಾರಿಗೆ ಮರಳುತ್ತಾನೆ. ದಾರಿಯುದ್ದಕ್ಕೂ ಏನನ್ನೂ ಬರೆಯುವುದೇ ಇಲ್ಲ. ಡಿಕ್ಯಾಶ್‌ನ ದೊಡ್ಡ ಬೀಗ ಅಲ್ಲಿಗೆ ಮಾಯವಾಯಿತು. ಎರಡೇ ತಿಂಗಳಲ್ಲಿ, 2.6.39ರಲ್ಲಿ, ಆರ್ಂಡ್ ಬರ್ಗ್‌ಮನ್ ಅವರ ಪಟ್ಟುಹಿಡಿದ ಶ್ರಮದಿಂದ ಮಹಾಬೀಗದ ಕೊನೆಯ ಕುರುಹೂ ಹೋಯಿತು. 2016ರ 4.7 ಆವೃತ್ತಿಯಲ್ಲಿ ಅಲ್ ವೀರೋ ಒಂದೇ ಕೋಶದಲ್ಲಿ ಹಲವರು ಏಕಕಾಲಕ್ಕೆ ಹುಡುಕಲು ಅನುವು ಮಾಡಿದರು. ಈ ಸೌಲಭ್ಯವೂ ಹುಡುಕುವವರಿಗೇ. ಹೊಸದನ್ನು ಸೇರಿಸುವವರಿಗೆ ಸರದಿ ತಪ್ಪಲಿಲ್ಲ.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಒಂದೇ ಬೀಗವಿದ್ದಾಗ ನಿಯಮ ಎಂಥವನಿಗೂ ಅರ್ಥವಾಗುತ್ತಿತ್ತು. ಈಗಿನ ನಿಯಮಗಳನ್ನು ಪೂರ್ತಿ ಬಲ್ಲವರು ಕೆಲವೇ ಮಂದಿ. ಇಲ್ಲಿ ತಪ್ಪಾದರೆ ತಕ್ಷಣ ಕಾಣುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದು ಯಾವುದೋ ಅಪರೂಪದ ಗಳಿಗೆಯಲ್ಲಿ ತಲೆಯೆತ್ತಿ, ಹುಡುಕಹೊರಟರೆ ಮತ್ತೆ ಅಡಗುತ್ತದೆ. ಆದರೂ ಈ ಬೆಲೆ ತೆರದೆ ಗತ್ಯಂತರವಿರಲಿಲ್ಲ. ಇಂದು ಎಂಟು ಘಟಕಗಳ ಆಂಡ್ರಾಯ್ಡ್ ಫೋನು ನಮ್ಮ ಜೇಬಿನಲ್ಲೇ ಇದೆ, ಅದರ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. ಕಡತದ ಹೆಸರನ್ನು ಬದಲಿಸುವ ಪ್ರಸಂಗ ಒಮ್ಮೆ ಬಂದರೆ, ಹುಡುಕುವ ಪ್ರಸಂಗ ಎಷ್ಟೋ ಪಾಲು ಹೆಚ್ಚು ಬರುತ್ತದೆ. ಎಂದೋ ಒಮ್ಮೆ ಬರೆಯುವವನ ಭಯಕ್ಕೆ ಸದಾ ಓದುವವರೆಲ್ಲ ಬಾಗಿಲಲ್ಲಿ ಕಾಯಬೇಕೇ ಎಂಬ ಪ್ರಶ್ನೆಯನ್ನು ಯಾರೋ ಕೇಳಿದ್ದರಿಂದಲೇ ಇದೆಲ್ಲ ಸಾಧ್ಯವಾಯಿತು.