ಗೌಡ, ಜೋಯಿಸ, ಕುಳವಾಡಿ: ತೆಂಗಿನ ಸೀಮೆಯ ಊರುಹುದ್ದೆಗಳು ಮತ್ತು ರೋಮ್

ಅಮ್ಮಸಂದ್ರದ ಸುತ್ತ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳವರೆಗೆ ಹಬ್ಬಿರುವ ತೆಂಗಿನ ಸೀಮೆಯಲ್ಲಿ, ಆಡಳಿತದ ಕೆಲಸ ಎಲ್ಲಿ ಮುಗಿಯುತ್ತದೆ, ದೇವರ ಕೆಲಸ ಎಲ್ಲಿ ಮೊದಲಾಗುತ್ತದೆ ಎಂಬ ಗೆರೆಯನ್ನು 20ನೆಯ ಶತಮಾನದ ನಡುಭಾಗದವರೆಗೂ ಯಾರೂ ಖಚಿತವಾಗಿ ಎಳೆದಿರಲಿಲ್ಲ. ಕಂದಾಯ ವಸೂಲಿಗೆ ಹೊಣೆಯಾಗಿದ್ದ ಗೌಡನೇ ಗ್ರಾಮದೇವತೆಯ ಜಾತ್ರೆಯಲ್ಲಿ ಮೊದಲ ಮರ್ಯಾದೆ ಪಡೆಯುತ್ತಿದ್ದನು; ಊರಿನ ಗಡಿಯನ್ನು ಬಲ್ಲ ಕುಳವಾಡಿಯೇ ಆ ಗಡಿಯ ಪಾವಿತ್ರ್ಯಕ್ಕೂ ಸಾಕ್ಷಿಯಾಗಿದ್ದನು. ಇಂಥ ಬೆಸುಗೆ ಈ ಸೀಮೆಗೆ ಮಾತ್ರ ಸೇರಿದ್ದಲ್ಲ. ರಾಜಕೀಯ ಹುದ್ದೆಯನ್ನೂ ಪುರೋಹಿತ ಹುದ್ದೆಯನ್ನೂ ಒಂದೇ ಕೈಗೆ ಒಪ್ಪಿಸುವುದರಲ್ಲಿ ಪ್ರಾಚೀನ ರೋಮ್ ಇನ್ನೂ ಮುಂದೆ ಹೋಗಿತ್ತು. ಆದರೆ ಆ ಹುದ್ದೆಗಳನ್ನು ಯಾರು ಪಡೆಯಬಹುದಿತ್ತು, ಪಡೆದವರಿಗೆ ಅದರಿಂದ ಏನು ಸಿಗುತ್ತಿತ್ತು ಎಂಬುದರಲ್ಲಿ ಎರಡು ವ್ಯವಸ್ಥೆಗಳೂ ಬಹು ದೂರ ನಿಲ್ಲುತ್ತವೆ, ಮತ್ತು ತೆಂಗಿನ ಸೀಮೆಯ ಊರುಗಳ ಸ್ವರೂಪ ತಿಳಿಯುವುದು ಈ ದೂರವನ್ನು ಅಳೆದಾಗಲೇ.

ಮೈಸೂರು ಸೀಮೆಯ ಹಳ್ಳಿಯ ಹುದ್ದೆಗಳನ್ನು ಒಟ್ಟಾಗಿ ಆಯಗಾರಿಕೆ ಎಂದು ಕರೆಯಲಾಗುತ್ತಿತ್ತು. ಸುಗ್ಗಿಯ ಕಣದಲ್ಲಿ ರಾಶಿ ಅಳೆಯುವಾಗ ಪ್ರತಿಯೊಬ್ಬ ಹುದ್ದೆದಾರನಿಗೂ ತೆಗೆದಿಡುವ ಧಾನ್ಯದ ಪಾಲು ಆಯ. ಅದನ್ನು ಪಡೆಯುವವರು ಆಯಗಾರರು. 1810ರಲ್ಲಿ ಮೈಸೂರಿನ ಇತಿಹಾಸದ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಇಂಥ ಹನ್ನೆರಡು ಮಂದಿಯನ್ನು ಹೆಸರಿಸುತ್ತಾನೆ: ಊರಿನ ಮುಖ್ಯಸ್ಥನಾದ ಗೌಡ, ಲೆಕ್ಕ ಬರೆಯುವ ಶಾನುಭೋಗ, ಊರ ಕಾವಲಿನ ತಳವಾರ, ಬೆಳೆ ಕಾಯುವ ತೋಟಿ, ಕೆರೆಯ ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವ ನೀರಗಂಟಿ, ತಿಥಿ ಮುಹೂರ್ತ ಹೇಳುವ ಜೋಯಿಸ, ಇವರೊಂದಿಗೆ ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮತ್ತು ಅಕ್ಕಸಾಲಿ. ಅಕ್ಕಸಾಲಿ ಇಲ್ಲದ ಕೆಲವು ಊರುಗಳಲ್ಲಿ ಆ ಸ್ಥಾನ ಕವಿಯೂ ಆದ ಶಾಲೆಯ ಅಯ್ಯನಿಗೆ ಸಲ್ಲುತ್ತಿತ್ತು ಎಂದೂ ಅವನು ದಾಖಲಿಸಿದ್ದಾನೆ. ಹನ್ನೆರಡರ ಈ ಪಟ್ಟಿಯಲ್ಲಿ ಕಂದಾಯ, ಕಾವಲು, ಕಸುಬು, ಪಂಚಾಂಗ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿವೆ. ಇವರಲ್ಲಿ ಹಲವರಿಗೆ ಧಾನ್ಯದ ಜೊತೆಗೆ ಕಂದಾಯವಿಲ್ಲದ ಅಥವಾ ಕಡಿಮೆ ಕಂದಾಯದ ಮಾನ್ಯದ ಜಮೀನೂ ಇರುತ್ತಿತ್ತು. ಹುದ್ದೆ ತಂದೆಯಿಂದ ಮಗನಿಗೆ, ಜಮೀನು ಹುದ್ದೆಯೊಂದಿಗೆ.

ರೋಮಿನ ಗಣರಾಜ್ಯದಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ನಿಯಮವಿತ್ತು. ಅಲ್ಲಿ ರಾಜಕೀಯ ಹುದ್ದೆಗೆ ಸಂಬಳವೂ ಇರಲಿಲ್ಲ, ಭೂಮಿಯೂ ಇರಲಿಲ್ಲ, ಅವಧಿ ಸಾಮಾನ್ಯವಾಗಿ ಒಂದೇ ವರ್ಷ. ಖಜಾನೆ ನೋಡಿಕೊಳ್ಳುವ ಕ್ವೀಸ್ಟರ್, ಪೇಟೆ, ಬೀದಿ ಮತ್ತು ಉತ್ಸವಗಳ ಹೊಣೆ ಹೊತ್ತ ಈಡೈಲ್, ನ್ಯಾಯ ತೀರ್ಮಾನಿಸುವ ಪ್ರೀಟರ್, ಎಲ್ಲರ ಮೇಲೆ ಸೇನೆಯನ್ನೂ ರಾಜ್ಯವನ್ನೂ ನಡೆಸುವ ಇಬ್ಬರು ಕಾನ್ಸಲ್‌ಗಳು, ಹೀಗೆ ಮೆಟ್ಟಿಲುಗಳನ್ನು ಏರಬೇಕಾದವನು ಚುನಾವಣೆಗೆ ತನ್ನ ಹಣವನ್ನೇ ಸುರಿಯಬೇಕಿತ್ತು. ಜನಗಣತಿ ಮಾಡಿ, ನಡತೆ ಕೆಟ್ಟವರನ್ನು ಸೆನೆಟ್ ಸಭೆಯ ಪಟ್ಟಿಯಿಂದ ತೆಗೆಯುವ ಅಧಿಕಾರವಿದ್ದ ಇಬ್ಬರು ಸೆನ್ಸರ್‌ಗಳನ್ನು ಸುಮಾರು ಐದು ವರ್ಷಕ್ಕೊಮ್ಮೆ ಆರಿಸಲಾಗುತ್ತಿತ್ತು. ಇದೇ ಕುಟುಂಬಗಳ ಗಂಡಸರೇ ಪುರೋಹಿತ ಮಂಡಲಿಗಳಲ್ಲೂ ಕೂರುತ್ತಿದ್ದರು. ಅಲ್ಲಿಯ ಸ್ಥಾನ ಮಾತ್ರ ಬಹುಪಾಲು ಜೀವಾವಧಿಯದು. ಪಾಂಟಿಫೆಕ್ಸ್ ಎಂಬ ಪುರೋಹಿತರು ಪವಿತ್ರ ವಿಧಿಗಳ ಕಾನೂನನ್ನೂ ಪಂಚಾಂಗವನ್ನೂ ಕಾಯುತ್ತಿದ್ದರು, ಆಗರ್ ಎಂಬವರು ಹಕ್ಕಿಗಳ ಹಾರಾಟ ಮತ್ತು ಮಿಂಚುಗಳಿಂದ ಶಕುನ ನೋಡುತ್ತಿದ್ದರು, ಫ್ಲಾಮೆನ್ ಎಂಬವರು ಒಬ್ಬೊಬ್ಬರು ಒಂದೊಂದು ದೇವತೆಯ ಸೇವೆಗೆ ನಿಯತರಾಗಿದ್ದರು.

ಜೂಲಿಯಸ್ ಸೀಸರ್ ಕ್ರಿ.ಪೂ. 63ರಲ್ಲಿ ಪಾಂಟಿಫೆಕ್ಸ್ ಮ್ಯಾಕ್ಸಿಮಸ್, ಅಂದರೆ ಪ್ರಧಾನ ಪುರೋಹಿತನಾಗಿ ಚುನಾಯಿತನಾದನು. ಕಾನ್ಸಲ್ ಆದದ್ದು ನಾಲ್ಕು ವರ್ಷಗಳ ನಂತರ, ಕ್ರಿ.ಪೂ. 59ರಲ್ಲಿ. ಆ ವರ್ಷ ಅವನ ಜೊತೆ ಕಾನ್ಸಲ್ ಆಗಿದ್ದ ಬಿಬ್ಯುಲಸ್, ಸೀಸರನ ಮಸೂದೆಗಳನ್ನು ತಡೆಯಲು ಬೇರೆ ದಾರಿ ಕಾಣದೆ, ಮನೆಯಲ್ಲೇ ಕುಳಿತು ತಾನು ಆಕಾಶದ ಶಕುನಗಳನ್ನು ನೋಡುತ್ತಿದ್ದೇನೆಂದು ಸಾರಿದನು, ಏಕೆಂದರೆ ಶಕುನ ನೋಡುತ್ತಿರುವ ದಿನ ಜನಸಭೆ ಸೇರುವುದು ವಿಧಿಗೆ ವಿರುದ್ಧವಾಗಿತ್ತು. ಆಕಾಶವೇ ಅಲ್ಲಿ ರಾಜಕೀಯದ ಆಯುಧವಾಗಿತ್ತು. ಪಂಚಾಂಗವೂ ಹಾಗೆಯೇ: ವರ್ಷಕ್ಕೆ ಅಧಿಕಮಾಸ ಸೇರಿಸುವ ಅಧಿಕಾರ ಪುರೋಹಿತರ ಕೈಯಲ್ಲಿದ್ದುದರಿಂದ, ಹುದ್ದೆಯಲ್ಲಿರುವ ಸ್ನೇಹಿತನ ವರ್ಷವನ್ನು ಉದ್ದ ಮಾಡುವುದೂ ಶತ್ರುವಿನದನ್ನು ಮೊಟಕುಗೊಳಿಸುವುದೂ ಸಾಧ್ಯವಿತ್ತು. ಈ ಗೊಂದಲ ಬೆಳೆದು ತಿಂಗಳುಗಳಿಗೂ ಋತುಗಳಿಗೂ ತಾಳೆ ತಪ್ಪಿದಾಗ, ಸೀಸರ್ ಕ್ರಿ.ಪೂ. 46ನ್ನು 445 ದಿನಗಳಿಗೆ ಎಳೆದು ಲೆಕ್ಕ ಸರಿಪಡಿಸಬೇಕಾಯಿತು. ತೆಂಗಿನ ಸೀಮೆಯ ಜೋಯಿಸನಿಗೂ ಕಾಲದ ಮೇಲೆ ಹಿಡಿತವಿತ್ತು: ಯುಗಾದಿಯಂದು ಊರವರ ಮುಂದೆ ಪಂಚಾಂಗ ಓದಿ ಮಳೆ ಬೆಳೆಗಳ ಫಲ ಹೇಳುವವನು ಅವನೇ, ಬಿತ್ತನೆಗೂ ಮದುವೆಗೂ ಗಳಿಗೆ ಕೊಡುವವನೂ ಅವನೇ. ಆದರೆ ಅವನು ಕಣದಲ್ಲಿ ಕ್ಷೌರಿಕನ, ಕುಂಬಾರನ ಸಾಲಿನಲ್ಲೇ ಆಯಕ್ಕೆ ನಿಲ್ಲುವ ಒಬ್ಬ ಹುದ್ದೆದಾರ. ಅವನ ಜಾತಿಗೆ ಮೇಲಿನ ಮರ್ಯಾದೆ ಇತ್ತೆಂಬುದು ನಿಜವಾದರೂ, ಅವನು ಹೇಳಿದ ಗಳಿಗೆಯಿಂದ ಗೌಡನ ಅಧಿಕಾರ ಒಂದು ದಿನವೂ ಹೆಚ್ಚುತ್ತಿರಲಿಲ್ಲ, ಕಡಿಮೆಯಾಗುತ್ತಿರಲಿಲ್ಲ.

ರಾಜ್ಯದ ಮಟ್ಟದಲ್ಲಿಯೂ ಇದೇ ಭೇದ ಕಾಣುತ್ತದೆ. ಹೊಯ್ಸಳರ ಕಾಲದ ಶಾಸನಗಳಲ್ಲಿ ಮಹಾಪ್ರಧಾನ, ಸಂಧಿವಿಗ್ರಹಿ (ಪರರಾಜ್ಯಗಳೊಂದಿಗೆ ಸಂಧಿ ಮತ್ತು ಯುದ್ಧದ ವ್ಯವಹಾರ ನೋಡುವವನು), ದಂಡನಾಯಕ, ಸುಂಕದ ಹೆಗ್ಗಡೆ ಮೊದಲಾದ ಬಿರುದುಗಳು ತುಂಬಿವೆ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವಾಗಿ ಹೊರತಂದನು. ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ, 1263ರ ಸುಮಾರಿಗೆ ತುರುವೇಕೆರೆಯ ಚೆನ್ನಕೇಶವ ಗುಡಿಯನ್ನು ಕಟ್ಟಿಸಿದವನು ಸೋಮ ದಂಡನಾಯಕ. 1286ರಲ್ಲಿ ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿಯನ್ನು ಕಟ್ಟಿಸಿದವರು ಅಪ್ಪಯ್ಯ, ಗೋಪಾಲ, ಮಾಧವ ಎಂಬ ಮೂವರು ದಂಡನಾಯಕರು. ಸೇನಾಪತಿ ಗುಡಿ ಕಟ್ಟಿಸುತ್ತಾನೆ, ಭೂಮಿ ಬಿಡುತ್ತಾನೆ, ಶಾಸನ ಬರೆಸುತ್ತಾನೆ. ಗರ್ಭಗುಡಿಯ ಪೂಜೆ ಮಾತ್ರ ಅರ್ಚಕನದು, ಗುಡಿಯ ಆಸ್ತಿಯ ಮೇಲ್ವಿಚಾರಣೆ ಸ್ಥಾನಿಕನದು. ರೋಮಿನ ಸೇನಾಪತಿಯೋ ತಾನೇ ಬಲಿ ಕೊಡುತ್ತಿದ್ದನು, ತಾನೇ ಶಕುನ ನೋಡಿಸಿ ಯುದ್ಧಕ್ಕೆ ಹೊರಡುತ್ತಿದ್ದನು. ಕ್ರಿ.ಶ. 97ರಲ್ಲಿ ರೋಮ್ ನಗರದ ಕಾಲುವೆಗಳ ಮುಖ್ಯಾಧಿಕಾರಿಯಾದ ಫ್ರಾಂಟೈನಸ್ ಕಾನ್ಸಲ್ ಆಗಿದ್ದವನು, ಆಗರ್ ಕೂಡ. ಇತ್ತ ನೀರಿನ ಹುದ್ದೆ ಊರಿನ ನೀರಗಂಟಿಯದು, ಆಯಗಾರರಲ್ಲಿ ಅತ್ಯಂತ ಕೆಳಗಿನವರಲ್ಲಿ ಒಬ್ಬನದು. ಕೆರೆ ತುಂಬಿ ಕೋಡಿ ಬಿದ್ದಾಗ ಗಂಗೆಗೆ ಬಾಗಿನ ಅರ್ಪಿಸುವ ಗೌರವ ಊರಿನ ದೊಡ್ಡವರಿಗೆ ಹೋದರೂ, ಇಡೀ ವರ್ಷ ತೂಬನ್ನು ಕಾಯ್ದವನು ಅವನೇ.

ರೋಮಿನ ಪ್ರಧಾನ ಪುರೋಹಿತನ ಬಿರುದು ಈ ನಾಡಿನ ಮಣ್ಣಿಗೂ ಬಂದಿತ್ತು. ಕ್ರಿ.ಪೂ. 12ರಲ್ಲಿ ಅಗಸ್ಟಸ್ ಆ ಹುದ್ದೆಯನ್ನು ಸ್ವೀಕರಿಸಿದ ಮೇಲೆ ಅದು ಚಕ್ರವರ್ತಿಗಳ ಸ್ವತ್ತಾಯಿತು, ನಾಣ್ಯಗಳ ಮೇಲೂ ಅಚ್ಚಾಯಿತು. ತಿಬೇರಿಯಸನ ಅತಿ ಸಾಮಾನ್ಯವಾದ ಬೆಳ್ಳಿ ನಾಣ್ಯದ ಹಿಂಬದಿಯಲ್ಲಿ ಪಾಂಟಿಫ್ ಮ್ಯಾಕ್ಸಿಮ್ ಎಂಬ ಸಂಕ್ಷಿಪ್ತ ಬರಹವಿದೆ. ಅಗಸ್ಟಸ್ ಮತ್ತು ತಿಬೇರಿಯಸರ ಬೆಳ್ಳಿ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ, 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ದೊರೆತ ನಿಧಿಯಲ್ಲೂ ಇದ್ದವು. ಅಮ್ಮಸಂದ್ರದ ಮೂಲಕ ಅರಸೀಕೆರೆಗೆ ಹೋಗುವ ರೈಲುದಾರಿ ಹಾದುಹೋಗುವುದು ಇದೇ ಯಶವಂತಪುರದ ಮೇಲೆ.

ಈ ಹೋಲಿಕೆಯಲ್ಲಿ ಅತ್ಯಂತ ಆಳವಾದ ಜಾಗ ಕುಳವಾಡಿಯದು. ಅಸ್ಪೃಶ್ಯರೆಂದು ಊರ ಹೊರಗಿನ ಕೇರಿಯಲ್ಲಿ ಇರಿಸಲಾಗಿದ್ದ ಸಮುದಾಯದಿಂದ ಬಂದ ಈ ಊರಾಳು, ಗೌಡನ ಆಜ್ಞೆಯನ್ನು ಮನೆಮನೆಗೆ ಮುಟ್ಟಿಸುತ್ತಿದ್ದನು, ಕಂದಾಯಕ್ಕೆ ರೈತರನ್ನು ಕರೆಯುತ್ತಿದ್ದನು. ಎಲ್ಲಕ್ಕಿಂತ ಮಿಗಿಲಾಗಿ ಊರಿನ ಗಡಿಯನ್ನು ಬಲ್ಲವನಾಗಿದ್ದನು. ಎರಡು ಊರುಗಳಿಗೆ ಗಡಿಯ ವ್ಯಾಜ್ಯ ಬಂದಾಗ ಕುಳವಾಡಿ ತಲೆಯ ಮೇಲೆ ಊರ ಮಣ್ಣಿನ ಉಂಡೆಯನ್ನು, ಅದರ ನಡುವೆ ನೀರನ್ನು ಹೊತ್ತು ಗಡಿಯ ಉದ್ದಕ್ಕೂ ನಡೆಯುತ್ತಿದ್ದ ಪದ್ಧತಿಯನ್ನು 19ನೆಯ ಶತಮಾನದ ಮೈಸೂರಿನ ಬರಹಗಳು ವಿವರಿಸುತ್ತವೆ. ಅವನು ಸರಿಯಾದ ಗೆರೆಯ ಮೇಲೆ ನಡೆದರೆ ಉಂಡೆ ಹಾಗೇ ನಿಲ್ಲುತ್ತದೆ, ತಪ್ಪಿ ನಡೆದರೆ ತಾನಾಗಿ ಒಡೆಯುತ್ತದೆ ಎಂಬ ನಂಬಿಕೆಯೇ ಅಲ್ಲಿ ತೀರ್ಪು. ಊರಬಾಗಿಲ ಬಳಿ ನೆಟ್ಟ ಕರುವುಗಲ್ಲಿಗೆ ವರ್ಷದ ಮೊದಲ ಉಳುಮೆಗೆ ಮುನ್ನ ಪೂಜೆ ಸಲ್ಲಿಸುವವನು ಗೌಡ. ಆದರೆ ಆ ಗೌಡನ ನೆಲ ಎಲ್ಲಿಯವರೆಗೆ ಎಂದು ಹೇಳುವ ಮಾತು ಕುಳವಾಡಿಯದು. ರೋಮಿನವರೂ ನಗರ ಸ್ಥಾಪಿಸುವಾಗ ಎತ್ತು ಹಸು ಹೂಡಿದ ನೇಗಿಲಿನಿಂದ ಪವಿತ್ರ ಗಡಿಯ ಸಾಲು ಗೀರುತ್ತಿದ್ದರು, ಫೆಬ್ರವರಿ 23ರಂದು ಗಡಿಕಲ್ಲಿನ ದೇವತೆಯಾದ ಟರ್ಮಿನಸನಿಗೆ ಹಬ್ಬ ಮಾಡುತ್ತಿದ್ದರು. ಅಲ್ಲಿ ನಗರದ ಗಡಿಯ ಸಾಲನ್ನು ಗೀರುವವನು ನಗರವನ್ನು ಸ್ಥಾಪಿಸುವ ನಾಯಕನೇ. ಇಲ್ಲಿ ಗಡಿಯ ಸತ್ಯವನ್ನು ಹೊತ್ತವನಿಗೆ ಗುಡಿಯ ಬಾಗಿಲು ಮುಚ್ಚಿತ್ತು. ಊರು ತನ್ನ ನೆಲದ ವಿಷಯದಲ್ಲಿ ಅವನನ್ನು ಸಂಪೂರ್ಣ ನಂಬಿತು, ಉಳಿದ ಎಲ್ಲದರಲ್ಲಿ ಅವನನ್ನು ದೂರವಿಟ್ಟಿತು. ಈ ಅನ್ಯಾಯವನ್ನು ಸಂಪ್ರದಾಯದ ಸೊಬಗಿನ ಹಿಂದೆ ಅಡಗಿಸುವುದು ಇತಿಹಾಸಕ್ಕೆ ತಕ್ಕುದಲ್ಲ. ರೋಮಿನ ಸಾಮಾನ್ಯ ಪ್ರಜೆಗಳಾದ ಪ್ಲೀಬಿಯನ್ನರು ಹೋರಾಡಿ ಕ್ರಿ.ಪೂ. 367ರ ಕಾನೂನಿನಿಂದ ಕಾನ್ಸಲ್ ಹುದ್ದೆಗೂ, 300ರ ಕಾನೂನಿನಿಂದ ಪಾಂಟಿಫೆಕ್ಸ್ ಮತ್ತು ಆಗರ್ ಸ್ಥಾನಗಳಿಗೂ ಪ್ರವೇಶ ಪಡೆದರು. ಹುಟ್ಟಿನಿಂದ ಬರುವ ಹುದ್ದೆಯಲ್ಲಿ ಕುಳವಾಡಿಯ ಮಗನಿಗೆ ಅಂಥ ದಾರಿ ಇರಲಿಲ್ಲ.

1863ರಲ್ಲಿ ಮೈಸೂರಿನಲ್ಲಿ ಕಂದಾಯ ಸರ್ವೆ ಇಲಾಖೆ ಸ್ಥಾಪನೆಯಾಗಿ, ಸರಪಳಿಯಿಂದ ಅಳೆದ ಹೊಲಗಳು ಸರ್ವೆ ನಂಬರುಗಳಾಗಿ ಗಡಿಕಲ್ಲುಗಳು ನೆಲಕ್ಕಿಳಿದ ಮೇಲೆ ಕುಳವಾಡಿಯ ಸಾಕ್ಷ್ಯಕ್ಕೆ ಕಚೇರಿಯಲ್ಲಿ ಬೆಲೆ ಕಡಿಮೆಯಾಯಿತು. 1908ರ ಮೈಸೂರು ಗ್ರಾಮ ಹುದ್ದೆಗಳ ಕಾನೂನು ವಂಶಪಾರಂಪರ್ಯವನ್ನು ಉಳಿಸಿಕೊಂಡೇ ಅದಕ್ಕೆ ನಿಯಮಗಳನ್ನು ಬರೆಯಿತು. ಸ್ವಾತಂತ್ರ್ಯದ ನಂತರ ದೇವರ ಹುದ್ದೆ ಮೊದಲು ಭೂಮಿಯಿಂದ ಬೇರ್ಪಟ್ಟಿತು: ಧಾರ್ಮಿಕ ಇನಾಮುಗಳನ್ನು ರದ್ದುಪಡಿಸಿದ 1955ರ ಕಾಯ್ದೆಯ ನಂತರ ಗುಡಿಗಳಿಗೆ ಜಮೀನಿನ ಬದಲು ತಸ್ತೀಕು ಎಂಬ ವಾರ್ಷಿಕ ಮೊತ್ತ ಸಲ್ಲತೊಡಗಿತು. ಊರ ಹುದ್ದೆಗಳ ಸರದಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಲ್ಲಿ ಬಂದು, ಅದು 1963ರ ಫೆಬ್ರವರಿ 1ರಂದು ಜಾರಿಯಾಯಿತು. ಶಾನುಭೋಗನ ಕಡತಗಳು ಸರ್ಕಾರಿ ನೌಕರನಾದ ಗ್ರಾಮ ಲೆಕ್ಕಿಗನ ಕೈಗೆ ಹೋದವು. ತೋಟಿ, ತಳವಾರ, ನೀರಗಂಟಿ, ಕುಳವಾಡಿ ಮಾನ್ಯದ ಜಮೀನುಗಳನ್ನು ಹಿಂದಿನ ಹುದ್ದೆದಾರರಿಗೇ ಮರುಮಂಜೂರು ಮಾಡಲು ಕಾಯ್ದೆ ಅವಕಾಶ ಕೊಟ್ಟಿತು. ಅವರಲ್ಲಿ ಅನೇಕರು ಬಡವರಾದ್ದರಿಂದ ಅಂಥ ಭೂಮಿ ಸುಲಭವಾಗಿ ಕೈತಪ್ಪುತ್ತಿತ್ತು. 1978ರ ತಿದ್ದುಪಡಿಯು ಮರುಮಂಜೂರಾದ ಜಮೀನನ್ನು 15 ವರ್ಷಗಳವರೆಗೆ ಪರಭಾರೆ ಮಾಡದಂತೆ ನಿರ್ಬಂಧಿಸಿತು.