ಸುದ್ದಿಯ ಸತ್ಯಾಸತ್ಯತೆ: ಇಬ್ನು ಖಲ್ದೂನ್ ಕಲಿಸಿದ ಪಾಠ

ನಂಬಲರ್ಹನಲ್ಲದವನು ಸುದ್ದಿ ತಂದರೆ ಮೊದಲು ಪರಿಶೀಲಿಸಬೇಕು ಎಂಬುದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಬೋಧನೆ. ಹದೀಸ್ ವಿದ್ವಾಂಸರು ಪ್ರತಿಯೊಬ್ಬ ವರದಿಗಾರನ ಪ್ರಾಮಾಣಿಕತೆ ಮತ್ತು ಸ್ಮರಣಶಕ್ತಿಯನ್ನು ಪರೀಕ್ಷಿಸಿ, ಅದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದರು.

1332ರಲ್ಲಿ ಟ್ಯೂನಿಸ್‌ನಲ್ಲಿ ಜನಿಸಿದ ಇಬ್ನು ಖಲ್ದೂನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಚರಿತ್ರೆಯಲ್ಲಿ ಸುಳ್ಳು ಹೇಗೆ ನುಸುಳುತ್ತದೆ ಎಂಬುದನ್ನು 1377ರಲ್ಲಿ ಬರೆದ ‘ಮುಖದ್ದಿಮ’ದಲ್ಲಿ ಅವರು ವಿವರಿಸಿದ್ದಾರೆ. ಪಕ್ಷಪಾತ, ಹೇಳಿದವರ ಮೇಲಿನ ಕುರುಡು ನಂಬಿಕೆ, ದೊಡ್ಡವರ ಕೃಪೆಗಾಗಿ ಮಾಡುವ ಹೊಗಳಿಕೆ ಇವು ಅವರು ಗುರುತಿಸಿದ ಕಾರಣಗಳಲ್ಲಿ ಮುಖ್ಯವಾದವು. ಹೇಳಿದವರು ಯಾರೆಂದು ನೋಡುವ ಮೊದಲು, ಹೇಳಿದ್ದು ಸಾಧ್ಯವೇ ಎಂದು ಕೇಳಬೇಕೆಂದರು. ಮೂಸಾ (ಅ)ರ ಸೈನ್ಯದಲ್ಲಿ ಆರು ಲಕ್ಷ ಯೋಧರಿದ್ದರೆಂಬ ವರದಿಯನ್ನು ಅವರು ಒಪ್ಪಲಿಲ್ಲ. ಅಷ್ಟು ದೊಡ್ಡ ಸೈನ್ಯವನ್ನು ಒಂದೇ ರಣರಂಗದಲ್ಲಿ ನಿಲ್ಲಿಸಿ ಕಾದಾಡಿಸುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಆಧುನಿಕ ಪತ್ರಿಕಾ ಚರಿತ್ರೆಯೇ ಸಾಕ್ಷಿ. 1833ರಲ್ಲಿ ನ್ಯೂಯಾರ್ಕಿನಲ್ಲಿ ‘ಸನ್’ ಪತ್ರಿಕೆ ಒಂದು ಸೆಂಟಿಗೆ ಮಾರಾಟವಾಗತೊಡಗಿತು. ಇತರ ಪತ್ರಿಕೆಗಳ ಬೆಲೆ ಆರು ಸೆಂಟು. ಈ ಅಂತರವನ್ನು ತುಂಬಿದ್ದು ಜಾಹೀರಾತು. ಜಾಹೀರಾತಿಗೆ ಬೇಕಾದದ್ದು ಓದುಗರ ಸಂಖ್ಯೆ. 1835ರ ಆಗಸ್ಟ್‌ನಲ್ಲಿ, ಚಂದ್ರನ ಮೇಲೆ ರೆಕ್ಕೆಯುಳ್ಳ ಮನುಷ್ಯರಿದ್ದಾರೆಂದು ಪ್ರಸಿದ್ಧ ಖಗೋಳಜ್ಞ ಜಾನ್ ಹರ್ಷೆಲ್‌ರ ಹೆಸರಿನಲ್ಲಿ ಆ ಪತ್ರಿಕೆ ಲೇಖನಮಾಲೆ ಪ್ರಕಟಿಸಿತು. ಎಲ್ಲವೂ ಕಟ್ಟುಕಥೆ. ಆದರೂ ದೊಡ್ಡ ಹೆಸರನ್ನು ಕಂಡು ಅನೇಕರು ನಂಬಿದರು.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. 2009ರ ಚುನಾವಣೆಗಳಲ್ಲಿ ಹಣ ಪಡೆದು ಅಭ್ಯರ್ಥಿಗಳ ಪ್ರಶಂಸೆಯನ್ನು ಸುದ್ದಿಯೆಂದು ಅಚ್ಚು ಹಾಕಿದ ಆರೋಪಗಳು ಬಂದವು. ಪ್ರೆಸ್ ಕೌನ್ಸಿಲ್‌ನ ಇಬ್ಬರು ಸದಸ್ಯರ ಉಪಸಮಿತಿ ಪತ್ರಿಕೆಗಳ ಹೆಸರು ಸಹಿತ ವರದಿ ನೀಡಿತು. ಕೌನ್ಸಿಲ್ 2010ರಲ್ಲಿ ಸಂಕ್ಷಿಪ್ತ ವರದಿಯನ್ನಷ್ಟೇ ಹೊರತಂದಿತು. ಕೇಂದ್ರ ಮಾಹಿತಿ ಆಯೋಗ ಆದೇಶಿಸಿದ ಬಳಿಕ, 2011ರಲ್ಲಿ ಪೂರ್ಣ ವರದಿ ಬೆಳಕಿಗೆ ಬಂತು.

ಸುಳ್ಳು ಸುದ್ದಿಯ ಬೆಲೆ ತೆರುವವರು ಮಾತ್ರ ಬಡವರು. 2020ರಲ್ಲಿ ಕೊರೋನಾ ಹರಡಿದ ಅಪವಾದವನ್ನು ತಬ್ಲೀಗ್ ಜಮಾಅತಿನ ಮೇಲೆ ಹೊರಿಸಲಾಯಿತು. ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ಸದಸ್ಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಮಾಧ್ಯಮಗಳ ಅಪಪ್ರಚಾರವನ್ನು ಟೀಕಿಸಿತು. ಅಷ್ಟರೊಳಗೆ ಎಷ್ಟೋ ಕಡೆ ತರಕಾರಿ ಮಾರುವ ಮುಸ್ಲಿಮರನ್ನು ಬೀದಿಗಳಿಂದ ಅಟ್ಟಲಾಗಿತ್ತು.

ಹಾಗೆಂದು ಎಲ್ಲ ಪತ್ರಿಕೆಗಳನ್ನೂ ತಿರಸ್ಕರಿಸುವುದು ವಿವೇಕವಲ್ಲ. ಪತ್ರಿಕೆಗಳ ದೋಷವನ್ನು ಬಯಲಿಗೆಳೆದವರಲ್ಲಿ ಪತ್ರಕರ್ತರೂ ಇದ್ದಾರೆ. ಇಬ್ನು ಖಲ್ದೂನ್ ಹೇಳಿದ ಪಕ್ಷಪಾತ ನಮ್ಮಲ್ಲೂ ಇರಬಹುದು. ನಮಗೆ ಹಿತವಾದ ಸುದ್ದಿಯನ್ನು ಪರಿಶೀಲಿಸದೆ ಹಂಚುವುದೂ ಅದೇ ತಪ್ಪು. ಹೇಳಿದವರು ಯಾರು, ಹಣ ಕೊಟ್ಟವರು ಯಾರು, ಇದು ಸಾಧ್ಯವೇ ಎಂಬ ಮೂರು ಪ್ರಶ್ನೆಗಳನ್ನು ನಮ್ಮ ಮಕ್ಕಳು ತರಗತಿಯಲ್ಲೇ ಕಲಿಯಲಿ. ವಿದ್ಯಾವಂತನ ಲಕ್ಷಣ ಅದೇ.