ಗರಡಿಯ ಮಟ್ಟಿಯಿಂದ ಮ್ಯಾಟಿನವರೆಗೆ

ನಮ್ಮ ಹಿರಿಯರಿಗೆ ಕುಸ್ತಿಯ ಪಾಠಶಾಲೆ ಎಂದರೆ ಗರಡಿಮನೆ. ತಗ್ಗು ಬಾಗಿಲು, ಒಳಗೆ ಆಂಜನೇಯನ ಪಟ, ನಡುವೆ ಕೆಮ್ಮಣ್ಣಿನ ಮಟ್ಟಿ. ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿದ ಆ ಮಣ್ಣನ್ನು ಗುದ್ದಲಿಯಿಂದ ಅಗೆದು ಹದಮಾಡುವುದೇ ಹೊಸ ಹುಡುಗನ ಮೊದಲ ವ್ಯಾಯಾಮ. ಆಮೇಲೆ ದಂಡ, ಬಸ್ಕಿ, ಗದೆ. ಕೊನೆಗೆ ಉಸ್ತಾದರ ಕಣ್ಣೆದುರು ಪಟ್ಟುಗಳ ಅಭ್ಯಾಸ. ಹಾಲು, ತುಪ್ಪ, ಬಾದಾಮಿ ಪೈಲ್ವಾನರ ಆಹಾರ. ಈ ಶಿಸ್ತು ಬಹಳ ಹಳೆಯದು. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿಯೇ ಮಲ್ಲರ ದರ್ಜೆ, ವ್ಯಾಯಾಮ, ಆಹಾರಗಳ ವಿವರವಿದೆ.

ಜಂಗಿ ಕುಸ್ತಿಯಲ್ಲಿ ಪಾಯಿಂಟುಗಳಿರಲಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ತಾಗುವವರೆಗೂ ಸೆಣಸಬೇಕು. ಆದ್ದರಿಂದ ಅಂದಿನ ತರಬೇತಿಯ ಗುರಿ ದಮ್ಮು ಮತ್ತು ತಾಳ್ಮೆ.

ಮಣ್ಣಿನಿಂದ ಮ್ಯಾಟಿಗೆ ದಾಟುವುದು ಎಷ್ಟು ಕಷ್ಟವೆಂಬುದಕ್ಕೆ ಮಹಾರಾಷ್ಟ್ರದ ಕರಾಡ ಬಳಿಯ ಖಾಶಾಬಾ ಜಾಧವರೇ ಸಾಕ್ಷಿ. ಮಣ್ಣಿನಲ್ಲಿ ಪಳಗಿದ ಅವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟಿನ ಮೇಲೆ ಸೆಣಸಿ ಆರನೆಯವರಾದರು. ಮುಂದಿನ ಒಲಿಂಪಿಕ್ಸ್‌ಗೆ ಹೋಗಲು ಹಣವಿಲ್ಲದಾಗ ಊರಿನವರು ಚಂದಾ ಕೂಡಿಸಿದರು. 1952ರಲ್ಲಿ ಹೆಲ್ಸಿಂಕಿಯಿಂದ ಅವರು ತಂದ ಕಂಚು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ.

ಇಂದಿನ ಅಖಾಡ 9 ಮೀಟರ್ ವ್ಯಾಸದ ವೃತ್ತ. ತಲಾ 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. ಇಲ್ಲಿ ವೇಗವೇ ಬಂಡವಾಳ. ತರಬೇತುದಾರರು ವಿಡಿಯೊ ನೋಡಿ ತಪ್ಪು ತಿದ್ದುತ್ತಾರೆ. ಊಟವನ್ನೂ ತೂಗಿ ಉಣ್ಣಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೇವಲ 100 ಗ್ರಾಂ ಹೆಚ್ಚಾದ ಕಾರಣ ವಿನೇಶ್ ಫೋಗಟ್ ಅವರಿಗೆ ಫೈನಲ್ ಕೈತಪ್ಪಿತು.

ಹಳೆಯದೆಲ್ಲ ಚೆನ್ನ ಎನ್ನುವಂತಿಲ್ಲ. ಗರಡಿಯ ಹೊಸ್ತಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಮ್ಯಾಟು ಅವರಿಗೂ ತೆರೆಯಿತು. 2004ರಲ್ಲಿ ಮಹಿಳಾ ಕುಸ್ತಿ ಒಲಿಂಪಿಕ್ಸ್ ಸೇರಿತು. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. ಆದರೆ ಗರಡಿ ಊರೊಳಗೇ ಇತ್ತು, ಬಡವರ ಮಗನೂ ಸಂಜೆ ನಡೆದು ಹೋಗಬಹುದಿತ್ತು. ಮ್ಯಾಟು ಇರುವುದು ದೂರದ ನಗರದಲ್ಲಿ. ಹೀಗಾಗಿ ಕ್ರೀಡಾಕೂಟದ ದಿನವೇ ಮೊದಲ ಬಾರಿ ಮ್ಯಾಟು ತುಳಿಯುವ ನಮ್ಮ ಮಕ್ಕಳು, ಕಸುವಿದ್ದೂ ಸೋತು ಬರುತ್ತಾರೆ.

ಜಾಧವರ ಊರು ಅಂದು ಮಾಡಿದ್ದನ್ನು ನಾವೂ ಮಾಡಬಹುದು. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳೂ ಗ್ರಾಮಸ್ಥರೂ ಸೇರಿ ಶಾಲೆಗೊಂದು ಮ್ಯಾಟು ಕೊಡಿಸಿದರೆ, ಗರಡಿಯ ಶ್ರದ್ಧೆ ನಮ್ಮ ಹುಡುಗ ಹುಡುಗಿಯರ ಮೈಯಲ್ಲಿ ಮತ್ತೆ ಉಳಿದೀತು.